ತೊರವಿಯ ತಂಬೂರಿ, ಯೆಹೂದಿಗಳ ಮೌನ

ದೇವರ ಮುಂದೆ ವಾದ್ಯ ನುಡಿಸಬಹುದೋ, ನುಡಿಸಬಾರದೋ?

ನಮ್ಮ ಕಡೆ ಯಾರನ್ನಾದರೂ ಹೀಗೆ ಕೇಳಿದರೆ "ಇದೆಂಥಾ ಪ್ರಶ್ನೆ ಕೇಳ್ತೀಯೋ ತಮ್ಮಾ" ಅಂತ ನಕ್ಕುಬಿಟ್ಟಾರು. ಗುಡಿ ಅಂದ ಮೇಲೆ ಗಂಟೆ, ಜಾಗಟೆ, ಶಂಖ, ಸನಾದಿ ಇರಲೇಬೇಕು. ಭಜನೆ ಅಂದ ಮೇಲೆ ತಾಳ, ಹಾರ್ಮೋನಿಯಂ, ತಬಲಾ. ಜಾತ್ರೆ ಅಂದ ಮೇಲೆ ಡೊಳ್ಳು, ಹಲಗಿ. ಇದರಲ್ಲಿ ಚರ್ಚೆ ಮಾಡುವಂಥದ್ದೇನಿದೆ?

ಆದರೆ ಇದೇ ಪ್ರಶ್ನೆಗಾಗಿ ಜನ ಜಗಳಾಡಿದ್ದಾರೆ, ಪ್ರಾರ್ಥನಾ ಮಂದಿರ ಬಿಟ್ಟು ಹೋಗಿ ಬೇರೆ ಮಂದಿರ ಕಟ್ಟಿಕೊಂಡಿದ್ದಾರೆ, ಕೋರ್ಟು ಮೆಟ್ಟಿಲು ಹತ್ತಿದ್ದಾರೆ. ಯೆಹೂದಿಗಳಲ್ಲಿ ಈ ಚರ್ಚೆಗೆ ಹತ್ತಿರ ಹತ್ತಿರ ಎರಡು ಸಾವಿರ ವರ್ಷ ವಯಸ್ಸು. ಅವರ ಕಥೆ ಓದುತ್ತಾ ಹೋದಂತೆಲ್ಲ ನನಗೆ ನಮ್ಮ ತೊರವಿ ನೆನಪಾಗುತ್ತಲೇ ಇತ್ತು. ಎಲ್ಲಿಯ ಯೆರೂಸಲೇಮು, ಎಲ್ಲಿಯ ತೊರವಿ ಅನ್ನಬೇಡಿ. ಸ್ವಲ್ಪ ತಾಳ್ಮೆಯಿಂದ ಓದಿ, ನಂಟು ನಿಮಗೇ ಕಾಣಿಸುತ್ತದೆ.

ಮೊದಲು ತೊರವಿಯಿಂದಲೇ ಶುರು ಮಾಡೋಣ. ವಿಜಯಪುರದಿಂದ (2014ರಲ್ಲಿ ಹೆಸರು ಬದಲಾದರೂ ನಮ್ಮ ಬಾಯಲ್ಲಿ ಇನ್ನೂ ಬಿಜಾಪುರವೇ) ಪಶ್ಚಿಮಕ್ಕೆ ಐದಾರು ಕಿಲೋಮೀಟರು ಹೋದರೆ ಈ ಊರು. ಈಗಿನವರಿಗೆ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ ಇರುವ ಊರು ಅಂದರೆ ಥಟ್ಟನೆ ಗೊತ್ತಾಗುತ್ತದೆ. ಭಕ್ತರಿಗೆ ಲಕ್ಷ್ಮೀನರಸಿಂಹನ ಊರು. ಕನ್ನಡ ಸಾಹಿತ್ಯ ಓದಿದವರಿಗೆ 'ತೊರವೆ ರಾಮಾಯಣ'ದ ಊರು. ಕುಮಾರವಾಲ್ಮೀಕಿ ತನ್ನ ಭಾಮಿನಿ ಷಟ್ಪದಿಯ ರಾಮಾಯಣವನ್ನು ಅರ್ಪಿಸಿದ್ದು ಇದೇ ನರಸಿಂಹನಿಗೆ.

ಇತಿಹಾಸದ ಹುಚ್ಚು ಇರುವವರಿಗೆ ಮಾತ್ರ ತೊರವಿ ಅಂದರೆ ನೌರಸಪುರ. ಎರಡನೆಯ ಇಬ್ರಾಹಿಂ ಆದಿಲ್‌ಶಾಹಿ 1599ರಲ್ಲಿ ಇಲ್ಲಿ ಒಂದು ಹೊಸ ಪಟ್ಟಣವನ್ನೇ ಕಟ್ಟಿಸಲು ಹೊರಟ. ರಾಜಧಾನಿ ಇಷ್ಟು ಹತ್ತಿರದಲ್ಲಿ ಇರುವಾಗ ಇನ್ನೊಂದು ಪಟ್ಟಣ ಯಾಕೆ ಬೇಕಿತ್ತು? ಅವನಿಗೆ ಸಂಗೀತದ ಹುಚ್ಚು. 'ನೌರಸ' ಅಂದರೆ ನಮ್ಮ ನವರಸವೇ. ಆ ಶಬ್ದದ ಮೇಲೆ ಅವನಿಗೆ ಎಂಥಾ ಮೋಹ ಅಂದರೆ ಪಟ್ಟಣಕ್ಕೂ ಅದೇ ಹೆಸರು, ತಾನು ಬರೆದ ಪುಸ್ತಕಕ್ಕೂ ಅದೇ ಹೆಸರು: 'ಕಿತಾಬ್-ಎ-ನೌರಸ್'. ದಖನಿ ಭಾಷೆಯ 59 ಹಾಡುಗಳು, 17 ದೋಹೆಗಳು. ಹಾಡುಗಳಿಗೆಲ್ಲ ರಾಗಗಳ ಹೆಸರು ಕೊಟ್ಟಿದ್ದಾನೆ. ಅವುಗಳಲ್ಲಿ ಸರಸ್ವತಿಯ ಸ್ತುತಿಯಿದೆ, ಗಣಪತಿಯ ಸ್ತುತಿಯಿದೆ, ಪ್ರವಾದಿಯ ಸ್ತುತಿಯಿದೆ, ಗುಲಬರ್ಗಾದ ಬಂದೇನವಾಜ್ ಗೇಸುದರಾಜರ ಸ್ತುತಿಯೂ ಇದೆ. ತನ್ನ ತಂಬೂರಿಗೆ 'ಮೋತಿಖಾನ್' ಅಂತ ಹೆಸರಿಟ್ಟು ಅದನ್ನೂ ಹಾಡಿನಲ್ಲಿ ಹೊಗಳಿದ್ದಾನೆ. ಜನ ಅವನನ್ನು 'ಜಗದ್ಗುರು' ಅನ್ನುತ್ತಿದ್ದರು.

ಅವನು ತಂಬೂರಿ ನುಡಿಸುತ್ತಾ ಕುಳಿತ ಚಿತ್ರವೊಂದಿದೆ. ಫರ್ರುಖ್ ಬೇಗ್ ಎಂಬ ಚಿತ್ರಕಾರ ಬರೆದದ್ದು. ಈಗ ಅದು ಇರುವುದು ಯುರೋಪಿನ ಪ್ರಾಗ್ ನಗರದ ನಾಪ್ರ್ಸ್ಟೆಕ್ ಮ್ಯೂಸಿಯಮ್ಮಿನಲ್ಲಿ! (ಪ್ರಾಗ್ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ.) ಕೈಯಲ್ಲಿ ಚಿಟಿಕೆ ತಾಳ ಹಿಡಿದು ನಿಂತ ಇನ್ನೊಂದು ಚಿತ್ರ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಆ ಕಾಲದ ಅರಸರು ಚಿತ್ರಕ್ಕೆ ನಿಲ್ಲುವಾಗ ಕತ್ತಿಯನ್ನೋ ಗಿಡುಗವನ್ನೋ ಹಿಡಿಯುವುದು ರೂಢಿ. ನಮ್ಮವನು ತಾಳ ಹಿಡಿದ!

ಇಷ್ಟೆಲ್ಲ ಹೇಳಿದ ಮೇಲೆ ಒಂದು ಸಂಗತಿ ಗಮನಿಸಬೇಕು. ಇಂಥಾ ಸಂಗೀತಪ್ರೇಮಿ ಅರಸನ ರಾಜ್ಯದಲ್ಲೂ ಬಿಜಾಪುರದ ಜಾಮಿಯಾ ಮಸೀದಿಯ ನಮಾಜಿನಲ್ಲಿ ವಾದ್ಯಕ್ಕೆ ಜಾಗ ಇರಲಿಲ್ಲ. ಅಜಾನ್ ಕೂಗಲು ಕೊರಳು ಸಾಕು. ಕುರಾನ್ ಪಠಣಕ್ಕೆ ಸ್ವರದ ಏರಿಳಿತವಿದೆ, ನಿಲುಗಡೆಯ ನಿಯಮಗಳಿವೆ, ಆದರೆ ತಂತಿಯಿಲ್ಲ, ಚರ್ಮವಾದ್ಯವಿಲ್ಲ. ವಾದ್ಯಕ್ಕೆ ಜಾಗ ಇದ್ದದ್ದು ಮಹಲಿನಲ್ಲಿ, ಚಿಶ್ತಿ ಸೂಫಿಗಳ 'ಸಮಾ' ಕೂಟದಲ್ಲಿ. ಗೋಳಗುಮ್ಮಟಕ್ಕೆ ಹೋದವರು ನೋಡಿರುತ್ತೀರಿ, ಎದುರಿಗೆ ಮ್ಯೂಸಿಯಂ ಇರುವ ಕಟ್ಟಡ ಮೂಲತಃ ನಗಾರಖಾನೆ. ನಗಾರಿ ಹೊರಬಾಗಿಲಲ್ಲಿ. ಒಳಗಡೆ ಗೋರಿ, ಪಕ್ಕಕ್ಕೆ ಮಸೀದಿ. ಎಲ್ಲಿಯ ತನಕ ವಾದ್ಯ, ಎಲ್ಲಿಂದ ಬರೀ ಕೊರಳು ಅನ್ನುವ ಗೆರೆಯನ್ನು ಕಲ್ಲಿನಲ್ಲೇ ಕಟ್ಟಿಟ್ಟ ಹಾಗಿದೆ.

ಈಗ ಯೆಹೂದಿಗಳ ಕಡೆ ಬರೋಣ.

ಅವರದ್ದು ಮೂಲದಲ್ಲಿ ವಾದ್ಯವಿಲ್ಲದ ಧರ್ಮವೇನಲ್ಲ. ಯೆರೂಸಲೇಮಿನ ದೇವಾಲಯದಲ್ಲಿ ಬಲಿ ಅರ್ಪಿಸುವಾಗ ಲೇವಿಯರು ಎಂಬ ವಂಶದವರು ಕಿನ್ನರಿ, ವೀಣೆಯಂಥ ತಂತಿವಾದ್ಯ, ತಾಳಗಳೊಂದಿಗೆ ಹಾಡುತ್ತಿದ್ದರು. ಅವರು ಹಾಡುತ್ತಿದ್ದ ಹಾಡುಗಳ ಸಂಗ್ರಹವನ್ನು ಕನ್ನಡ ಬೈಬಲ್ಲಿನಲ್ಲಿ 'ಕೀರ್ತನೆಗಳು' ಅಂತಲೇ ಕರೆದಿದ್ದಾರೆ. ದಾಸರ ಪದಗಳಿಗೆ ನಾವು ಬಳಸುವ ಶಬ್ದವೇ ಅದು. ಅದರ ಕೊನೆಯದಾದ 150ನೆಯ ಕೀರ್ತನೆಯಲ್ಲಿ ದೇವರನ್ನು ಹೊಗಳಲು ಬಳಸಬೇಕಾದ ವಾದ್ಯಗಳ ಒಂದು ಪಟ್ಟಿಯೇ ಇದೆ.

ಕ್ರಿ.ಶ. 70ರಲ್ಲಿ ರೋಮನ್ ಸೈನ್ಯ ಆ ದೇವಾಲಯವನ್ನು ಸುಟ್ಟು ಕೆಡವಿತು. ಬಲಿ ನಿಂತಿತು, ಲೇವಿಯರ ಮೇಳವೂ ನಿಂತಿತು. ಆಮೇಲೆ ಯೆಹೂದಿಗಳು ಸೇರಿ ಪ್ರಾರ್ಥಿಸುತ್ತಿದ್ದದ್ದು ಸಿನಗಾಗಿನಲ್ಲಿ. ಅಲ್ಲಿಗೆ ವಾದ್ಯ ಬರಲಿಲ್ಲ. ಯಾಕೆ ಬರಲಿಲ್ಲ ಅನ್ನುವುದಕ್ಕೆ ಅವರ ಪಂಡಿತರು ಕೊಟ್ಟ ಕಾರಣಗಳು ಮೂರು.

ಒಂದನೆಯದು ಶೋಕ. ಮನೆಯ ಹಿರಿಯರು ಹೋದಾಗ ನಾವು ವರ್ಷದ ತನಕ ಹಬ್ಬ ಮಾಡುವುದಿಲ್ಲವಲ್ಲ, ಹಾಗೆ. ಅವರ ಸೂತಕ ಮಾತ್ರ ಮುಗಿಯಲೇ ಇಲ್ಲ. ದೇವಾಲಯ ಮತ್ತೆ ಏಳುವ ತನಕ ವಾದ್ಯದ ಸಂತೋಷ ಬೇಡ ಅಂದರು. ಮದುವೆಯ ಸಂಭ್ರಮಕ್ಕೆ ಮಾತ್ರ ರಿಯಾಯಿತಿ.

ಎರಡನೆಯದು ಸಬ್ಬತ್, ಅಂದರೆ ಶುಕ್ರವಾರದ ಸೂರ್ಯಾಸ್ತದಿಂದ ಶನಿವಾರ ರಾತ್ರಿಯ ತನಕದ ವಿಶ್ರಾಂತಿಯ ದಿನ. ಆವತ್ತು ಯಾವ ವಸ್ತುವನ್ನೂ ತಯಾರಿಸಬಾರದು, ರಿಪೇರಿ ಮಾಡಬಾರದು. ವಾದ್ಯ ನುಡಿಸುವುದೇ ಕೆಲಸ ಅಂತಲ್ಲ. ಆದರೆ ನುಡಿಸುತ್ತಾ ನುಡಿಸುತ್ತಾ ತಂತಿ ಕಡಿದರೆ? ಕೈ ತಾನಾಗೇ ಕಟ್ಟಲು ಹೋಗುತ್ತದೆ. ಅದಕ್ಕೇ ವಾದ್ಯವನ್ನು ಮುಟ್ಟುವುದೇ ಬೇಡ ಅಂತ ತಾಲ್ಮುದ್ ಹೇಳಿತು. ಹಬ್ಬದ ದಿನ ಚಪ್ಪಾಳೆ ತಟ್ಟುವುದು, ಕುಣಿಯುವುದು ಕೂಡ ಬೇಡ ಅಂತ ಅದಕ್ಕೂ ಹಿಂದಿನ ಮಿಶ್ನಾದಲ್ಲಿದೆ. ಅದೇ ಮಿಶ್ನಾದಲ್ಲಿ ಇನ್ನೊಂದು ಸ್ವಾರಸ್ಯದ ಮಾತಿದೆ. ದೇವಾಲಯದೊಳಗೆ ಸಬ್ಬತ್ತಿನಂದು ವಾದ್ಯದ ತಂತಿ ಕಡಿದರೆ ಗಂಟು ಹಾಕಬಹುದು, ಹೊರಗಡೆ ಹಾಕುವಂತಿಲ್ಲ! ಅಂದರೆ ದೇವರ ಸೇವೆಗೆ ಒಂದು ಕಾನೂನು, ಊರಿಗೆ ಇನ್ನೊಂದು. ತಂಬೂರಿ ನುಡಿಸಿದವರಿಗೆ ತಂತಿ ಯಾವ ಹೊತ್ತಿಗೆ ಕೈಕೊಡುತ್ತದೆ ಅನ್ನುವುದು ಗೊತ್ತು. ಈ ನಿಯಮ ಮಾಡಿದವರಿಗೂ ವಾದ್ಯದ ಒಡನಾಟ ಚೆನ್ನಾಗೇ ಇತ್ತು ಅನ್ನಿಸುತ್ತದೆ.

(ಮಧ್ಯಯುಗದ ಫ್ರಾನ್ಸಿನ ಯೆಹೂದಿ ವ್ಯಾಖ್ಯಾನಕಾರರು ಇದಕ್ಕೊಂದು ಜಾಣ ದಾರಿ ಕಂಡುಹಿಡಿದರು. "ಈಗ ನಮಗ್ಯಾರಿಗೂ ವಾದ್ಯ ರಿಪೇರಿ ಬರುವುದೇ ಇಲ್ಲ, ಇನ್ನು ಹೆದರಿಕೆ ಯಾಕೆ" ಎಂಬ ತರ್ಕದಲ್ಲಿ ಚಪ್ಪಾಳೆ, ಕುಣಿತಗಳಿಗೆ ಬಾಗಿಲು ತೆರೆದರು. ವಾದ್ಯಕ್ಕೆ ಮಾತ್ರ ತೆರೆಯಲಿಲ್ಲ.)

ಮೂರನೆಯ ಕಾರಣ ಬಹಳ ಆಮೇಲೆ ಮುಂದಕ್ಕೆ ಬಂದದ್ದು: ಅದು ಪರರ ಪದ್ಧತಿ. ಚರ್ಚಿನಲ್ಲಿ ಆರ್ಗನ್ ಬಾರಿಸುತ್ತಾರೆ, ನಾವೂ ಬಾರಿಸಿದರೆ ಅವರಿಗೂ ನಮಗೂ ಏನು ವ್ಯತ್ಯಾಸ ಉಳಿಯಿತು?

ಈ ಮೂರೂ ನಿಯಮದ ನಡುವೆ ಉಳಿದುಕೊಂಡದ್ದು ಶೋಫರ್, ಟಗರಿನ ಕೊಂಬು. ಹೊಸ ವರ್ಷದ ದಿನ ಅದನ್ನು ಊದುತ್ತಾರೆ, ನಮ್ಮ ಕಹಳೆಯ ಹಾಗೆ. ಆದರೆ ಆ ದಿನ ಶನಿವಾರ ಬಂದರೆ ಸಂಪ್ರದಾಯಸ್ಥರು ಅದನ್ನೂ ಊದುವುದಿಲ್ಲ.

ವಾದ್ಯ ಹೋದ ಮೇಲೆ ಅವರ ಪ್ರಾರ್ಥನೆ ಸಪ್ಪೆಯಾಯಿತೇ? ಇಲ್ಲ. ಎಲ್ಲ ಭಾರ ಕೊರಳಿನ ಮೇಲೆ ಬಿತ್ತು, ಕೊರಳು ಬೆಳೆಯಿತು. ತೋರಾ ಓದುವುದಕ್ಕೆ ಪ್ರತಿ ಶಬ್ದಕ್ಕೂ ಸ್ವರಚಿಹ್ನೆಗಳಿವೆ. ಒಂದೊಂದು ದೇಶದ ಯೆಹೂದಿಗಳದ್ದು ಒಂದೊಂದು ಧಾಟಿ. ಇದನ್ನು ನಾವು ಅರ್ಥ ಮಾಡಿಕೊಳ್ಳುವುದು ಸುಲಭ. ನಮ್ಮ ವೇದಪಠಣಕ್ಕೆ ಉದಾತ್ತ ಅನುದಾತ್ತ ಸ್ವರಿತಗಳಿವೆ, ಮೃದಂಗವಿಲ್ಲ. ತೊರವೆ ರಾಮಾಯಣವನ್ನು ಗಮಕಿಗಳು ವಾಚಿಸುವಾಗ ರಾಗವಿರುತ್ತದೆ, ಹೆಚ್ಚೆಂದರೆ ಹಿಂದೆ ಶ್ರುತಿ ಇರುತ್ತದೆ, ತಬಲಾ ಮೃದಂಗಗಳ ತಾಳ ಸಾಮಾನ್ಯವಾಗಿ ಇರುವುದಿಲ್ಲ. ಯಾಕೆಂದರೆ ಅಲ್ಲಿ ಮಾತು ಮುಖ್ಯ. ಒಂದೇ ಊರು ನೋಡಿ: ನರಸಿಂಹನ ಕಾವ್ಯಕ್ಕೆ ಬರೀ ಕೊರಳು, ಸುಲ್ತಾನನ ಮಹಲಿಗೆ ತಂಬೂರಿ. ಎರಡೂ ತೊರವಿಯ ಸಂಗೀತವೇ.

ನನ್ನನ್ನು ಈ ವಿಷಯಕ್ಕೆ ಕಟ್ಟಿಹಾಕಿದ್ದು ಮಾತ್ರ ಒಂದು ತಾರೀಖಿನ ಹೊಂದಾಣಿಕೆ.

ಇಬ್ರಾಹಿಂ ನೌರಸಪುರ ಕಟ್ಟಿಸುತ್ತಿದ್ದ ಅದೇ ವರ್ಷಗಳಲ್ಲಿ ಇಟಲಿಯ ಮಾಂಟುವಾ ಎಂಬ ಊರಿನ ಅರಮನೆಯಲ್ಲಿ ಸಾಲಮೋನೆ ರೋಸ್ಸಿ ಎಂಬ ಯೆಹೂದಿ ಸಂಗೀತಗಾರನಿದ್ದ. ಪಿಟೀಲು ವಾದಕ, ದೊಡ್ಡ ವಿದ್ವಾಂಸ. ಅರಮನೆಯಲ್ಲಿ ಕ್ರೈಸ್ತ ದೊರೆಗೆ ವಾದ್ಯ ಸಂಗೀತ ರಚಿಸುತ್ತಿದ್ದ. ಅದೇ ಮನುಷ್ಯ ಸಿನಗಾಗಿಗೂ ಹೊಸ ಸಂಗೀತ ಬರೆದ. ಹಲವು ಕೊರಳುಗಳು ಬೇರೆ ಬೇರೆ ಸ್ವರದಲ್ಲಿ ಒಟ್ಟಿಗೆ ಹಾಡುವ ಹೀಬ್ರೂ ಪ್ರಾರ್ಥನೆಗಳು. ವೆನಿಸ್ಸಿನಲ್ಲಿ 1622-23ರಲ್ಲಿ ಪುಸ್ತಕವಾಗಿ ಅಚ್ಚಾಯಿತು. ಜೀವನವಿಡೀ ಪಿಟೀಲು ನುಡಿಸಿದವನು ದೇವರ ಮುಂದೆ ಹೋಗುವಾಗ ಪಿಟೀಲನ್ನು ಹೊರಗಿಟ್ಟ! ಆದರೂ ವಿರೋಧ ಬಂತು. ಹಾಡಿನ ಸೊಗಸೇ ಹೆಚ್ಚಾಯಿತು ಅನ್ನುವವರಿದ್ದರು. ಇಂಥ ಗಾಯನಕ್ಕೆ ಅಡ್ಡಿಯಿಲ್ಲ ಅಂತ ವೆನಿಸ್ಸಿನ ರಬ್ಬಿ ಲಿಯಾನ್ ಮೊದೆನಾ 1605ರಲ್ಲೇ ಬರೆದಿದ್ದ ಅಭಿಪ್ರಾಯವನ್ನು ಆ ಪುಸ್ತಕದ ಜೊತೆಗೇ ಅಚ್ಚು ಹಾಕಬೇಕಾಯಿತು.

ಮುಂದೇನಾಯಿತು? 1624ರಲ್ಲಿ ಭಾತವಡಿ ಕಾಳಗದಲ್ಲಿ ಗೆದ್ದ ಅಹಮದನಗರದ ಮಲಿಕ್ ಅಂಬರ್ ಬಿಜಾಪುರದ ಮೇಲೆ ಏರಿ ಬಂದು ನೌರಸಪುರವನ್ನು ಹಾಳುಗೆಡವಿದ. ಕೋಟೆಗೋಡೆ ಪೂರ್ತಿಯಾಗಿರಲಿಲ್ಲ, ತಡೆಯಲು ಆಗಲಿಲ್ಲ. 1630ರಲ್ಲಿ ಚಕ್ರವರ್ತಿಯ ಸೈನ್ಯ ಮಾಂಟುವಾವನ್ನು ಕೊಳ್ಳೆ ಹೊಡೆಯಿತು, ಯೆಹೂದಿಗಳ ಕೇರಿ ಹಾಳಾಯಿತು. ರೋಸ್ಸಿಯ ಸುಳಿವು ಆ ಹೊತ್ತಿಗೇ ಇತಿಹಾಸದಿಂದ ಮಾಯ. ಒಬ್ಬರಿಗೊಬ್ಬರ ಹೆಸರು ಗೊತ್ತಿರದ ಇಬ್ಬರು ಸಂಗೀತಗಾರರ ಕನಸು ಆರು ವರ್ಷಗಳ ಅಂತರದಲ್ಲಿ ಮುರಿದುಬಿತ್ತು. ವಾದ್ಯ ಸರಿಯೋ ತಪ್ಪೋ ಅಂತ ವಾದಿಸಿದವರಾರೂ ಅದನ್ನು ಮುರಿಯಲಿಲ್ಲ. ಮುರಿದದ್ದು ಕೊಳ್ಳೆ ಹೊಡೆಯಲು ಬಂದ ಸೈನ್ಯ.

ಈಗ ಪ್ರಾಗ್. 17ನೆಯ ಶತಮಾನದಲ್ಲಿ ಅಲ್ಲಿಯ ಯೆಹೂದಿಗಳು ಶುಕ್ರವಾರ ಸಂಜೆ ಸಿನಗಾಗಿನಲ್ಲೇ ವಾದ್ಯ ನುಡಿಸಿ ಸಬ್ಬತ್ತನ್ನು ಸ್ವಾಗತಿಸುತ್ತಿದ್ದರು. ಸೂರ್ಯ ಮುಳುಗುವ ಮುಂಚೆ ವಾದ್ಯ ಕೆಳಗಿಡುತ್ತಿದ್ದರು. ನಿಯಮವನ್ನೂ ಮುರಿಯಲಿಲ್ಲ, ವಾದ್ಯವನ್ನೂ ಬಿಡಲಿಲ್ಲ. ಗೋಳಗುಮ್ಮಟದ ನಗಾರಖಾನೆಯವರು ಜಾಗದಲ್ಲಿ ಗೆರೆ ಎಳೆದರೆ ಪ್ರಾಗಿನವರು ಹೊತ್ತಿನಲ್ಲಿ ಗೆರೆ ಎಳೆದರು, ಅಷ್ಟೇ ವ್ಯತ್ಯಾಸ.

ದೊಡ್ಡ ಜಗಳ ಶುರುವಾದದ್ದು 19ನೆಯ ಶತಮಾನದಲ್ಲಿ. 1810ರಲ್ಲಿ ಇಸ್ರೇಲ್ ಯಾಕೋಬ್ಸನ್ ಎಂಬ ಶ್ರೀಮಂತ ಜರ್ಮನಿಯ ಝೇಸನ್ ಎಂಬ ಊರಿನಲ್ಲಿ ಆರ್ಗನ್ ಇರುವ ಪ್ರಾರ್ಥನಾ ಮಂದಿರ ಕಟ್ಟಿಸಿದ. 1818ರಲ್ಲಿ ಹ್ಯಾಂಬರ್ಗಿನ ಸುಧಾರಣಾವಾದಿಗಳು ಅದನ್ನೇ ಮಾಡಿದರು. ಮರುವರ್ಷವೇ ಯುರೋಪಿನ ಹಲವು ರಬ್ಬಿಗಳ ವಿರೋಧ ಪತ್ರಗಳ ಸಂಪುಟ ಪ್ರಕಟವಾಯಿತು. ಆರ್ಗನ್ ಬರೀ ನೆಪ ಅಂತ ಹೇಳಿದರೆ ತಪ್ಪಾದೀತು. ಸುಧಾರಕರಿಗೆ ಅದು 'ನಾವೂ ಈ ದೇಶದ ಆಧುನಿಕ ಪ್ರಜೆಗಳು' ಅನ್ನುವ ಮಾತು. ಸಂಪ್ರದಾಯಸ್ಥರಿಗೆ ಅದು 'ನಮ್ಮತನ ಮಾರಿಕೊಂಡೆವು' ಅನ್ನುವ ಸದ್ದು. ಒಂದೇ ವಾದ್ಯ, ಎರಡು ಕಿವಿಗೆ ಎರಡು ಅರ್ಥ.

ಅಮೆರಿಕದ ಚಾರ್ಲ್‌ಸ್ಟನ್ನಿನಲ್ಲಿ 1838ರಲ್ಲಿ ಬೆಂಕಿಗೆ ಸಿಕ್ಕ ಬೆತ್ ಎಲೋಹಿಂ ಸಿನಗಾಗನ್ನು ಮತ್ತೆ ಕಟ್ಟುವಾಗ ಆರ್ಗನ್ ಇಡಬೇಕೋ ಬೇಡವೋ ಅಂತ 1840ರಲ್ಲಿ ಓಟು ಹಾಕಿದರು. ಇಡಬೇಕು ಅನ್ನುವವರು ಗೆದ್ದರು. ಸೋತವರು ಹೊರಟುಹೋಗಿ ತಮ್ಮದೇ ಬೇರೆ ಸಿನಗಾಗ್ ಮಾಡಿಕೊಂಡರು. ಕೇಸು ಕೋರ್ಟಿಗೂ ಹೋಯಿತು. ಧರ್ಮದೊಳಗಿನ ಇಂಥ ತಕರಾರನ್ನು ತೀರ್ಮಾನಿಸುವುದು ನಮ್ಮ ಕೆಲಸವಲ್ಲ ಅಂದಿತು ಕೋರ್ಟು. ಆಮೇಲೆ ಅಂತರ್ಯುದ್ಧ ಬಂತು, ಎರಡೂ ಗುಂಪು ಬಡವಾದವು, 1866ರಲ್ಲಿ ಮತ್ತೆ ಒಂದಾದವು. ಕಷ್ಟ ಬಂದಾಗ ವಾದ್ಯದ ಜಗಳ ಸಣ್ಣದಾಗಿ ಕಂಡಿತು ಅಂತ ಕಾಣುತ್ತದೆ.

ಜರ್ಮನಿಯ ಕಥೆಗೆ ಅಂಥ ಅಂತ್ಯ ಸಿಗಲಿಲ್ಲ. 1938ರ ನವೆಂಬರಿನಲ್ಲಿ ನಾಜಿಗಳು ಸಿನಗಾಗುಗಳಿಗೆ ಬೆಂಕಿ ಹಚ್ಚಿದಾಗ ಆರ್ಗನ್ ಇರುವ ಸಿನಗಾಗ್ ಯಾವುದು, ಇಲ್ಲದ್ದು ಯಾವುದು ಅಂತ ನೋಡಲಿಲ್ಲ. ಝೇಸನ್ನಿನ ಮಂದಿರವೂ ಆಗಲೇ ಸುಟ್ಟುಹೋಯಿತು.

ಇದೆಲ್ಲ ದೂರದ ಮಾತಾಯಿತು, ನಮ್ಮ ಕನ್ನಡನಾಡಿಗೂ ಯೆಹೂದಿಗಳಿಗೂ ಏನು ಸಂಬಂಧ ಅನ್ನುತ್ತೀರಾ? ಸಂಬಂಧ ಹಳೆಯದು. ಟ್ಯುನೀಸಿಯಾ ಮೂಲದ ಅಬ್ರಹಾಂ ಬೆನ್ ಯಿಜು ಎಂಬ ವ್ಯಾಪಾರಿ 1132ಕ್ಕೂ ಮುಂಚೆಯೇ ಮಂಗಳೂರಿಗೆ ಬಂದು 1149ರ ತನಕ ಈ ಕರಾವಳಿಯಲ್ಲಿದ್ದ. ಮೆಣಸು, ಅಡಿಕೆ, ಕಂಚಿನ ಪಾತ್ರೆಗಳ ವ್ಯಾಪಾರ. 1132ರ ಅಕ್ಟೋಬರಿನಲ್ಲಿ ಮಂಗಳೂರಿನಲ್ಲಿ ಆಶು ಎಂಬ ದಾಸಿಯನ್ನು ಬಿಡುಗಡೆ ಮಾಡಿದ ಅವನ ಪತ್ರ ಕೈರೋದ ಸಿನಗಾಗಿನ ಹಳೇ ಕಾಗದಗಳ ರಾಶಿಯಲ್ಲಿ ಸಿಕ್ಕಿದೆ. ಅವನ ಆಳು 'ಬೊಮ್ಮ'ನ ಕಥೆಯನ್ನು ಅಮಿತಾವ್ ಘೋಷ್ 1992ರಲ್ಲಿ ಪುಸ್ತಕವನ್ನಾಗಿಯೇ ಬರೆದರು. ಈ ಬೆನ್ ಯಿಜು ವ್ಯಾಪಾರಿ ಮಾತ್ರವಲ್ಲ, ಸಿನಗಾಗಿನಲ್ಲಿ ಹಾಡುವಂಥ ಹೀಬ್ರೂ ಪ್ರಾರ್ಥನಾ ಪದ್ಯಗಳನ್ನೂ ಕಟ್ಟುತ್ತಿದ್ದ. ಅಂದರೆ ವಾದ್ಯವಿಲ್ಲದೆ ಹಾಡುವ ಆ ಸಂಪ್ರದಾಯದ ಕವಿಯೊಬ್ಬ ನಮ್ಮ ಕರಾವಳಿಯಲ್ಲೂ ಬಾಳಿದ್ದ.

ಇನ್ನೊಂದು ಕಥೆ ನಮಗೆ ಇನ್ನೂ ಹತ್ತಿರದ್ದು. ಕೊಂಕಣದ ಬೆನೆ ಇಸ್ರೇಲ್ ಯೆಹೂದಿಗಳು ಎಣ್ಣೆ ಗಾಣದ ಕಸುಬಿನವರು. ಶನಿವಾರ ಗಾಣ ಹೂಡುತ್ತಿರಲಿಲ್ಲ, ಅದಕ್ಕೇ ಊರವರು ಅವರನ್ನು 'ಶನಿವಾರ ತೇಲಿ' ಅನ್ನುತ್ತಿದ್ದರು. ಮರಾಠಿ ಮಾತಾಡುವ ಇವರು 1880ರ ಸುಮಾರಿಗೆ ಮುಂಬಯಿಯಲ್ಲಿ ಒಂದು ಹೊಸ ಪ್ರಯೋಗ ಮಾಡಿದರು. ಸುತ್ತಲಿನ ಹರಿದಾಸರ ಕೀರ್ತನೆಯ ಮಟ್ಟಿನಲ್ಲೇ ಅಬ್ರಹಾಮನ ಕಥೆ, ಯೋಸೇಫನ ಕಥೆ ಹೇಳತೊಡಗಿದರು. ನಿರೂಪಣೆ, ನಡುನಡುವೆ ಹಾಡು, ಜೊತೆಗೆ ಪಕ್ಕವಾದ್ಯ. ನಾವು ಹರಿಕಥೆ ಕೇಳಿದ ಹಾಗೆ ಅವರು 'ಯೋಸೇಫಕಥೆ' ಕೇಳಿದರು. ಸಿನಗಾಗಿನ ಸಬ್ಬತ್ ಪ್ರಾರ್ಥನೆ ಮಾತ್ರ ವಾದ್ಯವಿಲ್ಲದೆ ಹಾಗೇ ಉಳಿಯಿತು. ಇಲ್ಲೂ ಅದೇ ಗೆರೆ!

ಇವತ್ತಿಗೂ ಯೆಹೂದಿಗಳಲ್ಲಿ ಇದು ತೀರ್ಮಾನವಾಗಿಲ್ಲ. ಸುಧಾರಣಾವಾದಿಗಳು ಸಬ್ಬತ್ತಿನಲ್ಲೂ ಗಿಟಾರು, ಪಿಯಾನೋ ನುಡಿಸುತ್ತಾರೆ. ಸಂಪ್ರದಾಯಸ್ಥರು ಮುಟ್ಟುವುದಿಲ್ಲ, ಅವರಿಗೆ ಈಗ ವಿದ್ಯುತ್ತಿನ ಪ್ರಶ್ನೆ ಬೇರೆ ಸೇರಿಕೊಂಡಿದೆ. ನಡುವಿನವರಲ್ಲಿ ಒಂದೊಂದು ಊರಿಗೆ ಒಂದೊಂದು ಪದ್ಧತಿ. ಇದು ಅವರಿಗಷ್ಟೇ ಇರುವ ಪ್ರಶ್ನೆಯೂ ಅಲ್ಲ. ಪೂರ್ವದ ಆರ್ಥೊಡಾಕ್ಸ್ ಚರ್ಚುಗಳಲ್ಲಿ ಹೆಚ್ಚಾಗಿ ಇಂದಿಗೂ ಕೊರಳಷ್ಟೇ. 2022ರಲ್ಲಿ ಅಮೃತಸರದ ಸ್ವರ್ಣಮಂದಿರದಲ್ಲಿ ಹಾರ್ಮೋನಿಯಂ ಬಿಟ್ಟು ಹಳೆಯ ತಂತಿವಾದ್ಯಗಳಿಗೆ ಮರಳಬೇಕು ಎಂಬ ಸೂಚನೆ ಅಕಾಲ್ ತಖ್ತಿನಿಂದ ಬಂತು.

ಇಷ್ಟು ಓದಿದ ಮೇಲೆ ನನಗೆ ಹೊಳೆದದ್ದು ಒಂದು ವ್ಯತ್ಯಾಸ. ತಾನಾಗಿ ಆರಿಸಿಕೊಂಡ ಮೌನ ಬೇರೆ, ಇನ್ನೊಬ್ಬರು ಹೇರಿದ ಮೌನ ಬೇರೆ. ರೋಸ್ಸಿ ಪಿಟೀಲನ್ನು ಹೊರಗಿಟ್ಟದ್ದು ತನ್ನ ಶ್ರದ್ಧೆಯಿಂದ. ಅದರಲ್ಲಿ ಒಂದು ಘನತೆಯಿದೆ. ಅದೇ ರೀತಿ, ತಾನು ಆರಿಸಿಕೊಂಡು ನುಡಿಸುವ ವಾದ್ಯ ಬೇರೆ, ಇನ್ನೊಬ್ಬರ ಮೌನ ಕೆಡಿಸಲೆಂದೇ ಬಾರಿಸುವ ವಾದ್ಯ ಬೇರೆ. ನಮ್ಮ ದೇಶದಲ್ಲಿ 1893-94ರ ಸುಮಾರಿಗೆ ಮುಂಬಯಿ, ಪುಣೆಗಳಲ್ಲಿ 'ಮಸೀದಿಯ ಮುಂದೆ ವಾದ್ಯ' ಅನ್ನುವುದು ದೊಡ್ಡ ತಕರಾರಾಯಿತು. ಮೆರವಣಿಗೆಯವರಿಗೆ ಬಾರಿಸುವುದೇ ಹಕ್ಕು, ಒಳಗಿದ್ದವರಿಗೆ ನಿಲ್ಲಿಸುವುದೇ ಹಕ್ಕು. ಸಂಗೀತ ಹೋಯಿತು, ಪ್ರಾರ್ಥನೆಯೂ ಹೋಯಿತು, ಪೊಲೀಸು ಆರ್ಡರು ಉಳಿಯಿತು. ಅದರ ಬಾಲ ಇವತ್ತಿಗೂ ಹರಿದಿಲ್ಲ.

ಆದರೆ ನಮ್ಮ ಬಿಜಾಪುರ ಸೀಮೆಯ ಹಳ್ಳಿಗಳ ಮೊಹರಂ ನೋಡಿ. ಅಲ್ಲಿ ಹಲಗಿ ಬಾರಿಸುವವನು ಹಿಂದೂ, ಅಲಾಯಿ ದೇವರು ಹೊತ್ತವನು ಮುಸಲ್ಮಾನ, ಇಲ್ಲವೇ ತಿರುಗುಮುರುಗು. ಕನ್ನಡದ ರಿವಾಯತ್ ಪದ ಹಾಡುವವರಿಗೆ ಜಾತಿ ಕೇಳುವವರಿಲ್ಲ. ಅದೇ ಊರಿನ ಮಸೀದಿಯಲ್ಲಿ ನಮಾಜು ವಾದ್ಯವಿಲ್ಲದೆ ನಡೆಯುತ್ತದೆ. ಎಲ್ಲಿ ಬಾರಿಸಬೇಕು, ಎಲ್ಲಿ ಸುಮ್ಮನಿರಬೇಕು ಅನ್ನುವುದು ನಮ್ಮ ಹಳ್ಳಿಯವರಿಗೆ ಗೊತ್ತು. ಅದಕ್ಕೆ ತಾಲ್ಮುದ್ ಓದಬೇಕಾಗಿಲ್ಲ :)

ನೌರಸಪುರದ ಸಂಗೀತ ಮಹಲು ಇವತ್ತು ಮುರಿದ ಕಮಾನುಗಳ ಪಾಳು. 'ನವರಸಪುರ ಉತ್ಸವ' ಅನ್ನುವ ಹೆಸರಿನಲ್ಲಿ ಸರಕಾರ ಹಲವು ಸಲ ವಿಜಯಪುರದಲ್ಲಿ ಸಂಗೀತ ಕಾರ್ಯಕ್ರಮ ಮಾಡಿದ್ದುಂಟು, ಅದು ಒಳ್ಳೆಯದೇ. ಮುಸಲ್ಮಾನ ಅರಸರಿಗೆ ಸಂಗೀತ ಆಗುತ್ತಿರಲಿಲ್ಲ ಅನ್ನುವವರಿಗೂ, ದೇವರ ಮನೆಯಲ್ಲಿ ವಾದ್ಯ ಇಲ್ಲದಿದ್ದರೆ ಅದು ಒಣ ಧರ್ಮ ಅನ್ನುವವರಿಗೂ ಆ ಪಾಳು ಕಮಾನುಗಳನ್ನು ತೋರಿಸಬೇಕು. ಮೋತಿಖಾನನನ್ನು ಹೊಗಳಿ ಹಾಡಿದ ಅದೇ ಅರಸನ ಪ್ರಜೆಗಳು ವಾದ್ಯವಿಲ್ಲದೆ ನಮಾಜು ಮಾಡಿದರು, ವಾದ್ಯದೊಂದಿಗೆ ನರಸಿಂಹನಿಗೆ ಆರತಿ ಎತ್ತಿದರು. ಒಂದು ಇನ್ನೊಂದಕ್ಕೆ ಅಡ್ಡ ಬರಬೇಕಾಗಿರಲಿಲ್ಲ.

ಬಿಜಾಪುರಕ್ಕೆ ಬಂದವರು ಗೋಳಗುಮ್ಮಟ ನೋಡಿ, ಏಳು ಸಲ ಪ್ರತಿಧ್ವನಿ ಕೇಳಿ ಹೊರಟುಬಿಡುತ್ತಾರೆ. ಮುಂದಿನ ಸಲ ಒಂದು ಗಂಟೆ ಹೆಚ್ಚು ಇಟ್ಟುಕೊಂಡು ತೊರವಿಗೂ ಹೋಗಿ ಬನ್ನಿ. ನರಸಿಂಹನಿಗೆ ಕೈಮುಗಿದು ಮಹಲಿನ ಕಡೆ ನಡೆಯಿರಿ. ಅಲ್ಲಿ ಈಗ ಇರುವುದು ಗಾಳಿಯ ಸದ್ದು ಮಾತ್ರ. ಅದು ಯಾರೂ ಆರಿಸಿಕೊಂಡ ಮೌನವಲ್ಲ ಅನ್ನುವುದನ್ನು ಮಾತ್ರ ನೆನಪಿಟ್ಟುಕೊಳ್ಳಿ.